ಎಂಬತ್ತೆರಡು ಡಿಗ್ರಿ

ನಾಲ್ಕನೇ ತಿರುವಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳತೊಡಗಿತು. ಮೂರನೆಯದರವರೆಗೂ ಅದು ಗೆರೆಗಳ ನಟ್ಟನಡುವೆ ಸಾಧು ಹಸುವಿನಂತೆ ನಿಂತಿತ್ತು. ಹಿಂದಿನ ಸೀಟಿನಲ್ಲಿದ್ದ ಹಲ್ಲಿನ ಡಾಕ್ಟರು ಮುಂದಕ್ಕೆ ಬಾಗಿ, ಈ ಸಲ ಗೆದ್ದೆವು ಎಂದು ಹೇಳುವುದಕ್ಕೂ ಅದು ಕೆಂಪು ಮುಟ್ಟುವುದಕ್ಕೂ ಸರಿಹೋಯಿತು. ಸ್ಟಿಯರಿಂಗ್ ಹಿಡಿದಿದ್ದ ಸಣ್ಣ ಮೇಸ್ತ್ರಿ ಗೇರು ಇಳಿಸಿ ನೋಡಿದ, ಕಾಲು ಸಡಿಲಿಸಿ ನೋಡಿದ. ಪಕ್ಕದಲ್ಲಿದ್ದ ಮೇಸ್ತ್ರಿ ಕಿಟಕಿಯಾಚೆಯ ಕಣಿವೆಯಿಂದ ಮುಖ ತಿರುಗಿಸದೆಯೇ, "ನಿಲ್ಲಿಸು" ಎಂದ.

ಬಾನೆಟ್ ಎತ್ತಿದಾಗ ಹಬೆ ಮುಖಕ್ಕೆ ರಾಚಿತು. ಇದು ಐದನೇ ಸಲ. ಊರೊಳಗೆ ಎಷ್ಟು ಸುತ್ತಿದರೂ ಏನೂ ಆಗದ ಕಾರು, ಬೆಟ್ಟದ ರಸ್ತೆಯಲ್ಲಿ ಇದೇ ನಾಲ್ಕನೇ ತಿರುವಿಗೆ ಬಂದು, ಇದೇ ಮೈಲಿಗಲ್ಲಿನ ಪಕ್ಕ ಕುದಿಯುತ್ತಿತ್ತು. ಹಿಂದೆ ಬಂದ ಇಟ್ಟಿಗೆ ಲಾರಿಯೊಂದು ಹಾರ್ನ್ ಹೊಡೆದು, ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಅವರನ್ನು ದಾಟಿ ಹೋಯಿತು. ಡಾಕ್ಟರು ಅದರ ಬೆನ್ನನ್ನೇ ನೋಡುತ್ತ ನಿಂತರು.

ಈ ಲಾರಿಗಳಿಂದಲೇ ಇಷ್ಟೆಲ್ಲ ಆದದ್ದು. ವಾರಕ್ಕೆರಡು ದಿನ ಡಾಕ್ಟರಿಗೆ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಕೆಲಸ. ಹೋಗುವಾಗ ಇಟ್ಟಿಗೆ ಲಾರಿ, ಮರಳು ಲಾರಿ, ಕೊನೆಗೆ ನೀರಿನ ಟ್ಯಾಂಕರೂ ತಮ್ಮನ್ನು ಹಿಂದೆ ಹಾಕುತ್ತದೆ ಎಂಬುದು ಅವರ ಹೊಟ್ಟೆಯುರಿ. ಹೊಸ ಕಾರು ಕೊಳ್ಳಬಹುದಿತ್ತು. ಆದರೆ ಹಳೇ ಹಲ್ಲನ್ನು ಉಳಿಸಿಕೊಳ್ಳುವ ಸುಖ ಕಟ್ಟಿಸಿದ ಹಲ್ಲಿನಲ್ಲಿಲ್ಲ ಎನ್ನುವ ಜಾತಿ ಅವರದು. ಎಲ್ಲಿಂದಲೋ ಒಂದು ಸೂಪರ್‌ಚಾರ್ಜರ್ ತರಿಸಿ, ಪೆಟ್ಟಿಗೆಯ ಸಮೇತ ಮೇಸ್ತ್ರಿಯ ಶೆಡ್ಡಿಗೆ ತಂದಿಳಿಸಿದ್ದರು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಎಂಜಿನ್ನು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರ ಹೊಟ್ಟೆಗೆ ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಾದರೆ ಎಳೆತ ಹೆಚ್ಚು, ಬಿಸಿಯೂ ಹೆಚ್ಚು. ಮೇಸ್ತ್ರಿ ಅದನ್ನು ಊದುಕೊಳವೆ ಎಂದೇ ಕರೆದ. ಒಲೆ ಊದುವ ವಯಸ್ಸು ನನ್ನದಲ್ಲ ಡಾಕ್ಟ್ರೇ, ಬೇಕಾದರೆ ಇವನು ಊದಲಿ ಎಂದು ಹೆಂಡತಿಯ ತಮ್ಮನ ಕಡೆ ಕೈ ತೋರಿಸಿದ.

ಹೆಂಡತಿಯ ತಮ್ಮ ಹದಿನೆಂಟಕ್ಕೆ ಬಂದವನು. ಈಗ ಮೂವತ್ತೊಂಬತ್ತು. ಶೆಡ್ಡಿನ ಮೇಲಿನ ಕೋಣೆಯಲ್ಲಿ ವಾಸ, ಶೆಡ್ಡಿನ ಹಿಂದಿನ ಅಕ್ಕನ ಮನೆಯಲ್ಲಿ ಊಟ. ಗಿರಾಕಿಗಳು ಸಣ್ಣ ಮೇಸ್ತ್ರಿ ಎಂದು ಕರೆದರೂ ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಗಾಡಿ ಪೂರ್ತಿ ಅವನದು ಎಂದು ಆದದ್ದಿಲ್ಲ. ಅವನು ಬಿಚ್ಚಬೇಕು, ಭಾವ ನೋಡಬೇಕು. ಅವನು ಕಟ್ಟಬೇಕು, ಭಾವ ಕೊನೆಯ ಬೋಲ್ಟು ತಿರುಗಿಸಿ ಗಿರಾಕಿಯ ಕೈಗೆ ಕೀಲಿ ಕೊಡಬೇಕು. ಶೆಡ್ಡಿನ ಬೋರ್ಡಿನಲ್ಲಿ ಮೇಸ್ತ್ರಿಯ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಡಿಸಿ ಎಂಟು ವರ್ಷವಾಗಿತ್ತು. ಅಕ್ಕ ಹಟ ಹಿಡಿದು ಬಿಡಿಸಿದ ಸಾಲು ಅದು.

ಊದುಕೊಳವೆ ಕೂರಿಸುವ ಕೆಲಸ ಒಪ್ಪಿಕೊಂಡ ದಿನ ಮೇಸ್ತ್ರಿ ಡಾಕ್ಟರ ಎದುರೇ, ಈ ಕಾರು ಬೆಟ್ಟದ ತುದಿ ಮುಟ್ಟಿ ಬರಲಿ, ಮಾರನೇ ದಿನವೇ ಪೇಂಟರನ್ನು ಕರೆಸಿ ಆ ಸಾಲಿನಲ್ಲಿ ಇವನ ಹೆಸರು ಬರೆಸುತ್ತೇನೆ, ಶೆಡ್ಡಿನಲ್ಲಿ ಅರ್ಧ ಇವನಿಗೆ ಎಂದ. ಕೊಡಬೇಕಾಗಿ ಬರುವುದಿಲ್ಲ ಎಂದು ಖಾತ್ರಿಯಿದ್ದಾಗ ಮನುಷ್ಯನ ಕೈ ಬಲು ಧಾರಾಳ. ಆದರೆ ಸಣ್ಣ ಮೇಸ್ತ್ರಿ ಆ ಮಾತನ್ನು ನಂಬಿದ. ಅಕ್ಕನೂ ನಂಬಿದಳು.

ಈಗ ನಾಲ್ಕನೇ ತಿರುವಿನಲ್ಲಿ ಮೇಸ್ತ್ರಿ ಕಾರಿನ ಮೂತಿಯನ್ನೊಮ್ಮೆ ನೋಡಿ ಡಾಕ್ಟರ ಕಡೆ ತಿರುಗಿದ. ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಕೂತಿತ್ತು. ಊದುಕೊಳವೆಯಿಂದ ಬಿಸಿಯಾಗಿ ಬರುವ ಗಾಳಿಯನ್ನು ತಣಿಸಲು ಸಣ್ಣ ಮೇಸ್ತ್ರಿ ಅಲ್ಲಿಟ್ಟದ್ದು.

"ಮೂಗಿನ ಮುಂದೆ ಗೋಡೆ ಕಟ್ಟಿದ್ದಾನೆ ನೋಡಿ. ಗಾಳಿ ಎಲ್ಲಿಂದ ಹೋಗ್ಬೇಕು? ಇಪ್ಪತ್ತೊಂದು ವರ್ಷ ಕಲಿಸಿದೆ ಡಾಕ್ಟ್ರೇ. ಕತ್ತೆಗೆ ಕಲಿಸಿದ್ರೆ ಅದು ಇಷ್ಟೊತ್ತಿಗೆ ಗೇರ್‌ಬಾಕ್ಸ್ ಇಳಿಸ್ತಿತ್ತು."

ಡಾಕ್ಟರು ಸಂಕೋಚದಿಂದ ಕೆಮ್ಮಿದರು. ಬೇರೆಯವರ ಬಾಯಿ ತೆರೆಸಿ ರೂಢಿಯಿದ್ದ ಅವರಿಗೆ ತಮ್ಮ ಬಾಯಿ ತೆರೆಯುವುದು ಅಷ್ಟು ಸಲೀಸಲ್ಲ. ಎಂಜಿನ್ನಿಗೇನಾದರೂ ಪೆಟ್ಟಾಗಿದ್ದರೆ ಯಾರು ಜವಾಬ್ದಾರಿ ಎಂದು ನೆಲ ನೋಡುತ್ತ ಕೇಳಿದರು.

"ನನ್ನನ್ನ ಕೇಳ್ಬೇಡಿ. ಈ ಗಾಡಿಗೆ ನನ್ನ ಕೈ ತಾಗೇ ಇಲ್ಲ" ಎಂದ ಮೇಸ್ತ್ರಿ. "ಇನ್ನು ಮೇಲೆ ಇವನ ಕೈಯೂ ತಾಗೋದಿಲ್ಲ. ನನ್ನ ಶೆಡ್ಡಲ್ಲಿ ಯಾವ ಗಾಡಿಗೂ ತಾಗೋದಿಲ್ಲ."

ಸಣ್ಣ ಮೇಸ್ತ್ರಿ ಏನೋ ಹೇಳಲು ತಲೆಯೆತ್ತಿದ. ಮೊದಲು ಭಾವನನ್ನು ನೋಡಿದ, ಆಮೇಲೆ ಡಾಕ್ಟರನ್ನು, ಮತ್ತೆ ಭಾವನನ್ನು. ಕೊನೆಗೆ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಆರಲಿ ಭಾವ, ಇಳಿಸಿಕೊಂಡು ಹೋಗೋಣ" ಎಂದಷ್ಟೇ ಹೇಳಿದ. ಕಾರು ಆರುವವರೆಗೆ ಮೂವರೂ ರಸ್ತೆಬದಿಯ ಕಟ್ಟೆಯ ಮೇಲೆ ಮೂರು ದಿಕ್ಕಿಗೆ ಮುಖ ಮಾಡಿ ಕೂತರು. ಶೆಡ್ಡು ಮುಟ್ಟಿದ ಮೇಲೆ ಅವನು ಕೀಲಿಯನ್ನು ಮೊಳೆಗೆ ನೇತುಹಾಕಿ, ಮೇಲಿನ ಕೋಣೆಯಿಂದ ಒಂದು ಬಟ್ಟೆಯ ಚೀಲ ತೆಗೆದುಕೊಂಡು ಹೊರಟುಹೋದ. ಟೂಲ್ ಪೆಟ್ಟಿಗೆ ಅಲ್ಲಿಯೇ ಉಳಿಯಿತು.

ಹೋದವನು ಬಸ್ ಡಿಪೋದಲ್ಲಿ ಕೆಲಸ ಮಾಡುವ ಸ್ನೇಹಿತನ ಮನೆಯಲ್ಲಿದ್ದಾನೆ, ಅಲ್ಲಿಯೇ ಟೈರು ವಿಭಾಗಕ್ಕೆ ಸೇರುತ್ತಾನಂತೆ ಎಂದು ಮಾರನೇ ದಿನ ಹೆಂಡತಿ ಹೇಳಿದಳು. ಸೇರಲಿ, ಟೈರಿಗೆ ಮೂಗಿಲ್ಲ, ಅಡ್ಡ ಗೋಡೆ ಕಟ್ಟುವ ಹಾಗಿಲ್ಲ ಎಂದ ಮೇಸ್ತ್ರಿ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು, "ಅವನನ್ನ ಕರೆಸಿ ಒಂದು ಮಾತು ಕೇಳಿ ನೋಡಿ. ಅವನಿಗೆ ಏನೋ ಗೊತ್ತಿರ್ಬಹುದು" ಎಂದಳು.

"ಗೊತ್ತಿದ್ರೆ ಬೆಟ್ಟದ ಮೇಲೇ ಬೊಗಳ್ತಿದ್ದ" ಎಂದು ಮೇಸ್ತ್ರಿ ಎದ್ದ.

ಶೆಡ್ಡಿನ ಗೋಡೆಯ ಮೇಲೆ ಸಣ್ಣ ಮೇಸ್ತ್ರಿಯ ಸೀಮೆಸುಣ್ಣದ ಅಕ್ಷರ ಹಾಗೇ ಇತ್ತು. ಅವನ ಕೆಲಸದ ರೀತಿಯೇ ಅದು. ಅನುಮಾನಗಳನ್ನು ಒಂದರ ಕೆಳಗೊಂದು ಬರೆಯುವುದು, ಪರೀಕ್ಷೆ ಮಾಡಿದಂತೆಲ್ಲ ಹೊಡೆದುಹಾಕುವುದು. ಎಂಜಿನ್ನನ್ನು ಅಂಗೈಯಿಂದ ಮುಟ್ಟಿ ನೋಡಿ ರೋಗ ಹೇಳುತ್ತಿದ್ದ ಮೇಸ್ತ್ರಿಗೆ ಈ ಬರವಣಿಗೆ ಕಂಡರೆ ನಗು. ಒಂದು, ನೀರು ಸೋರುತ್ತಿದೆಯೇ. ಎರಡು, ನೀರಿನ ದಾರಿಯಲ್ಲಿ ಗಾಳಿ ಸೇರಿಕೊಂಡಿದೆಯೇ. ಇದರ ಪಕ್ಕದಲ್ಲಿ ಮೂರು ಸಲ ತೆಗೆದಾಯಿತು ಎಂದಿತ್ತು. ಮೂರು, ಫ್ಯಾನು. ನಾಲ್ಕು, ಬೆಲ್ಟು. ಐದು, ಪೆಟ್ರೋಲ್ ಸಾಲುತ್ತಿದೆಯೇ. ಆರು, ಹೆಡ್ ಗ್ಯಾಸ್ಕೆಟ್ಟು. ಆರನ್ನೂ ಗೆರೆ ಎಳೆದು ಹೊಡೆದುಹಾಕಿದ್ದ. ಅದರ ಕೆಳಗೆ ಏಳು ಎಂದು ಬರೆದು ಚುಕ್ಕೆ ಇಟ್ಟಿದ್ದ. ಮುಂದೆ ಏನೂ ಇರಲಿಲ್ಲ. ಏಳಕ್ಕೆ ಬರುವಷ್ಟರಲ್ಲಿ ಬುದ್ಧಿ ಖರ್ಚಾಯಿತು ಎಂದು ಮೇಸ್ತ್ರಿ ಗಟ್ಟಿಯಾಗಿಯೇ ಅಂದ. ಕೇಳಿ ನಗುವುದಕ್ಕೆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಗೋಡೆ ಕೆಡವಿದ. ಎಂದರೆ, ಆ ಜಾಲರಿಯನ್ನು ಬಿಚ್ಚಿ, ಕೊಳವೆಗಳ ಸಮೇತ ರೇಡಿಯೇಟರಿನ ಕೆಳಕ್ಕೆ ಇಳಿಸಿ ತಂತಿಯಲ್ಲಿ ಕಟ್ಟಿದ. ಈಗ ಗಾಳಿಗೆ ಅಡ್ಡಿಯೇ ಇಲ್ಲ. ಒಬ್ಬನೇ ಕಾರು ಹತ್ತಿ ಬೆಟ್ಟದ ಕಡೆ ಹೊರಟ. ಮೊದಲನೇ ತಿರುವಿನಲ್ಲಿ ಮನಸ್ಸಿನಲ್ಲಿಯೇ ಡಾಕ್ಟರಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಎರಡನೆಯದರಲ್ಲಿ ಅದಕ್ಕೊಂದು ತಮಾಷೆ ಸೇರಿಸಿದ. ಮೂರನೆಯದು ದಾಟಿತು. ನಾಲ್ಕನೆಯದರಲ್ಲಿ, ಅದೇ ಮೈಲಿಗಲ್ಲಿನ ಹತ್ತಿರ, ಮುಳ್ಳು ಎದ್ದು ಕೆಂಪಿಗೆ ಒರಗಿತು.

ಮೇಸ್ತ್ರಿ ಇಳಿದು ಬಾನೆಟ್ ಎತ್ತಿ ಎಂಜಿನ್ನನ್ನು ಓಡಲು ಬಿಟ್ಟೇ ನಿಂತ. ಇನ್ನೆರಡು ನಿಮಿಷದಲ್ಲಿ ಉಕ್ಕುತ್ತದೆ. ಸಿಟ್ಟಿನಲ್ಲಿ ರೇಡಿಯೇಟರಿನ ಪೈಪು ಮುಟ್ಟಿ ನೋಡಲು ಕೈ ಚಾಚಿದಾಗ ಮಣಿಕಟ್ಟು ಒಂದು ಗಿಡ್ಡ ರಬ್ಬರ್ ಪೈಪಿಗೆ ತಾಗಿ ಚುರ್ ಎಂದಿತು. ಗೇಣುದ್ದವೂ ಇಲ್ಲದ ಆ ಪೈಪನ್ನು ಮೇಸ್ತ್ರಿ ಜನ್ಮದಲ್ಲಿ ಲೆಕ್ಕಕ್ಕಿಟ್ಟವನಲ್ಲ. ಕೈ ಹಿಂದೆಳೆದವನು ಮತ್ತೆ, ಬಟ್ಟೆ ಸುತ್ತಿ, ಅದನ್ನು ಹಿಡಿದು ನೋಡಿದ. ಅಂಗೈಯೊಳಗೆ ಅದು ಅದುರುತ್ತಿತ್ತು. ನೀರು ಅದರಲ್ಲಿ ಭೋರೆಂದು ಹರಿಯುತ್ತಿತ್ತು. ಇತ್ತ ರೇಡಿಯೇಟರಿನ ಕೆಳಭಾಗ ಮುಟ್ಟಿದರೆ ಸ್ನಾನದ ನೀರಿನಷ್ಟೂ ಬಿಸಿಯಿಲ್ಲ.

ಎಂಜಿನ್ನು ಕುದಿಯುತ್ತಿದೆ, ಅದನ್ನು ತಣಿಸಬೇಕಾದ ರೇಡಿಯೇಟರು ಕೆಲಸವಿಲ್ಲದೆ ಕೂತಿದೆ. ನೀರು ರೇಡಿಯೇಟರಿಗೆ ಹೋಗುವ ಬದಲು ಈ ಗಿಡ್ಡ ಪೈಪಿನ ಒಳದಾರಿಯಲ್ಲಿ ನುಸುಳಿ, ಬಿಸಿಬಿಸಿಯಾಗಿಯೇ ಎಂಜಿನ್ನಿಗೆ ವಾಪಸಾಗುತ್ತಿದೆ. ನಲವತ್ತು ವರ್ಷದ ಅಂಗೈ ಇಷ್ಟನ್ನು ಹೇಳಲು ಅರ್ಧ ನಿಮಿಷ ತೆಗೆದುಕೊಂಡಿತು. ಮೇಸ್ತ್ರಿ ಡಿಕ್ಕಿಯಿಂದ ಎರಡು ಮರದ ತುಂಡು ತಂದು, ಪೈಪನ್ನು ನಡುವೆ ಇಟ್ಟು, ಕ್ಲಾಂಪು ಹಾಕಿ ಬಿಗಿದ. ಒಳಗೆ ಹೋಗಿ ಮುಳ್ಳು ನೋಡುತ್ತ ಕೂತ. ಅದು ಒಂದು ಕ್ಷಣ ಯೋಚಿಸಿ, ಇಳಿಯತೊಡಗಿತು.

ಅವನು ಅದೇ ಕ್ಲಾಂಪಿನೊಂದಿಗೆ ಬೆಟ್ಟ ಹತ್ತಿದ. ಐದು, ಆರು, ಒಂಬತ್ತು, ಹನ್ನೆರಡನೇ ತಿರುವು. ಊದುಕೊಳವೆ ಸಿಳ್ಳೆ ಹಾಕುತ್ತಿತ್ತು. ಒಂದು ಮರಳು ಲಾರಿಯನ್ನು ಹಿಂದೆ ಹಾಕಿದಾಗ ಬೇಡಬೇಡವೆಂದರೂ ಮೈ ಜುಮ್ಮೆಂದಿತು. ಪರವಾಗಿಲ್ಲ, ಚೆನ್ನಾಗಿಯೇ ಕೂರಿಸಿದ್ದಾನೆ ಎನ್ನಿಸಿತು. ತುದಿಯಲ್ಲಿ ಕಾರು ನಿಲ್ಲಿಸಿ ಇಡೀ ಊರನ್ನು ಕೆಳಗೆ ನೋಡಿದ. ರೋಗ ಸಿಕ್ಕಿತ್ತು. ಆ ಒಳದಾರಿಯನ್ನು ಮುಚ್ಚಬೇಕಾದ್ದು ಎಂಜಿನ್ನಿನ ನೀರಿನ ದಾರಿಯಲ್ಲಿ ಕೂರುವ ವಾಲ್ವು. ಮುಚ್ಚದಂಥ ಯಾವುದೋ ಕೆಟ್ಟ ವಾಲ್ವನ್ನು ಆ ದಡ್ಡ ಹಾಕಿರಬೇಕು. ಬಿಚ್ಚಿ ಡಾಕ್ಟರ ಕೈಗೇ ಕೊಟ್ಟುಬಿಡೋಣ ಎಂದುಕೊಂಡ.

ಶೆಡ್ಡಿಗೆ ಮರಳಿ, ಎಂಜಿನ್ನು ಆರಿದ ಮೇಲೆ, ವಾಲ್ವಿನ ಮುಚ್ಚಳದ ಎರಡು ಬೋಲ್ಟು ಬಿಚ್ಚಿದ. ಬೋಲ್ಟುಗಳು ವರ್ಷಗಟ್ಟಲೆ ಯಾರೂ ಮುಟ್ಟದವುಗಳಂತೆ ಕಿರುಗುಟ್ಟಿದವು. ಮುಚ್ಚಳ ಎತ್ತಿದರೆ ಒಳಗೆ ವಾಲ್ವು ಇರಲಿಲ್ಲ. ಇರಬೇಕಾದ ಗುಂಡಿ ಬರಿದಾಗಿತ್ತು. ಮುಚ್ಚಳದ ಅಂಚಿಗೆ, ಸಂದಿನಲ್ಲಿ ನೀರು ಸೋರದಂತೆ ಇಡುವ ಒಂದು ಕಾಗದದ ಗ್ಯಾಸ್ಕೆಟ್ಟು ಅಂಟಿತ್ತು. ಕ್ಯಾಲೆಂಡರಿನ ದಪ್ಪ ಹಾಳೆಯಿಂದ ಕತ್ತರಿಸಿ, ಗ್ರೀಸ್ ಸವರಿ ಕೂರಿಸಿದ ಗ್ಯಾಸ್ಕೆಟ್ಟು. ಒಂದು ಮೂಲೆಯಲ್ಲಿ ಕೆಂಪು ಹದಿನೇಳು ಇನ್ನೂ ಕಾಣುತ್ತಿತ್ತು.

ಊರಿನಲ್ಲಿ ಎಲ್ಲರೂ ಗ್ಯಾಸ್ಕೆಟ್ಟಿಗೆ ಅಂಗಡಿಯ ಶೀಟು ತರುತ್ತಾರೆ. ಕ್ಯಾಲೆಂಡರು ಕತ್ತರಿಸುವವನು ಒಬ್ಬನೇ.

ಮೇಸ್ತ್ರಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಈ ಕಾರು ಡಾಕ್ಟರು ಕೊಳ್ಳುವ ಮುಂಚೆ ಒಬ್ಬ ರಿಟೈರಾದ ಹೆಡ್ಮಾಸ್ಟರದ್ದು. ಹತ್ತು ವರ್ಷದ ಹಿಂದೆ ಬಿಸಿಯಾಗುತ್ತದೆ ಎಂದು ತಂದಿದ್ದರು. ಮೇಸ್ತ್ರಿ ಎಲ್ಲ ಕಾರಿಗೂ ಮಾಡುವಂತೆ ಅದಕ್ಕೂ ಮಾಡಿದ್ದ: ವಾಲ್ವು ಕಿತ್ತು ಬೆಂಚಿನ ಕೆಳಗಿನ ಡಬ್ಬಕ್ಕೆ ಎಸೆದು, ಕ್ಯಾಲೆಂಡರು ಕತ್ತರಿಸಿ ಮುಚ್ಚಳ ಕೂರಿಸಿದ. ಎಂಜಿನ್ನು ತಣ್ಣಗಿದ್ದಾಗ ನೀರನ್ನು ತಡೆದು, ಕಾದಾಗ ರೇಡಿಯೇಟರಿಗೆ ಬಿಡುವ ವಾಲ್ವು ಅದು. ಸುಡುಬಿಸಿಲಿನ ಊರಿನಲ್ಲಿ ನೀರಿಗೇಕೆ ಕಾವಲುಗಾರ, ಹರಿದಾಡಲಿ ಬಿಡು ಎಂಬುದು ಅವನ ಗುರು ಅವನಿಗೆ, ಅವನು ಹೆಂಡತಿಯ ತಮ್ಮನಿಗೆ ಮೊದಲನೇ ದಿನ ಕಲಿಸಿದ ಪಾಠ. ಬಡಕಲು ಎಂಜಿನ್ನುಗಳಿಗೆ ಅದು ಹೇಗೋ ಸಾಗಿತ್ತು. ಊದುಕೊಳವೆಯ ಬೆಂಕಿಗೆ ಸಾಗಲಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಕಥೆ.

ಇಷ್ಟೇ ಆಗಿದ್ದರೆ ಒಂದು ಬೈಗುಳ ಬೈದುಕೊಂಡು ಮುಗಿಸಬಹುದಿತ್ತು. ಆದರೆ ಡಬ್ಬ ನೆನಪಾದರೆ ಇನ್ನೊಂದೂ ನೆನಪಾಗಬೇಕಲ್ಲ. ಹನ್ನೆರಡು ವರ್ಷದ ಹಿಂದೆ ಸಣ್ಣ ಮೇಸ್ತ್ರಿ ಎಲ್ಲಿಂದಲೋ ಒಂದು ಎಂಜಿನ್ನಿನ ಪುಸ್ತಕ ತಂದು ಓದಿಕೊಂಡು, "ಭಾವ, ಇದನ್ನ ತೆಗೀಬಾರ್ದಂತೆ. ಇದು ಒಂದು ದಾರಿ ತೆಗೆದಾಗ ಇನ್ನೊಂದು ದಾರಿ ಮುಚ್ಚುತ್ತಂತೆ. ಕಿತ್ತರೆ ಎರಡೂ ತೆರೆದೇ ಇರುತ್ತಂತೆ" ಎಂದಿದ್ದ. ಶೆಡ್ಡಿನಲ್ಲಿ ಆಗ ಮೂವರು ಗಿರಾಕಿಗಳಿದ್ದರು. ಮೇಸ್ತ್ರಿ ಡಬ್ಬವನ್ನು ಕಾಲಿನಿಂದ ಎಳೆದು ಅವನ ಮುಂದೆ ತಂದು, ಎಣಿಸು ಎಂದ. ಗಟ್ಟಿಯಾಗಿ ಎಣಿಸು. ಅವನು ನೆಲದ ಮೇಲೆ ಕೂತು ಒಂದೊಂದೇ ವಾಲ್ವು ಎತ್ತಿ ನೂರಾ ನಲವತ್ತಮೂರರವರೆಗೆ ಎಣಿಸಿದ. "ಇಷ್ಟು ಗಾಡಿ ಓಡ್ತಾ ಇದೆ. ನಿನ್ನ ಪುಸ್ತಕ ಎಷ್ಟು ಗಾಡಿ ಓಡಿಸಿದೆ?" ಎಂದು ಮೇಸ್ತ್ರಿ ಕೇಳಿದಾಗ ಗಿರಾಕಿಗಳು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಸಣ್ಣ ಮೇಸ್ತ್ರಿ ವಾಲ್ವಿನ ಮಾತೆತ್ತಿದವನಲ್ಲ.

ಸೋಮವಾರ ಮೇಸ್ತ್ರಿ ವಾಲ್ವು ಕೊಳ್ಳಲು ಹೋದದ್ದು ಊರಿನ ಆ ತುದಿಯ ಅಂಗಡಿಗೆ. ಯಾವಾಗಲೂ ಹೋಗುವ ಅಂಗಡಿಯಲ್ಲಿ ವಾಲ್ವು ಕೇಳಿದರೆ ಸಂಜೆಯೊಳಗೆ ಊರಿನ ಶೆಡ್ಡುಗಳಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಇಲ್ಲಿ ಯಾರಿಗೂ ಗುರುತಿಲ್ಲ. ಮೀಸೆ ಮೂಡಿ ನಾಲ್ಕು ದಿನವಾಗದ ಅಂಗಡಿಯವನು, ಯಜಮಾನರೇ, ಮೆಕ್ಯಾನಿಕ್ಕುಗಳು ಇದನ್ನು ಕಿತ್ತು ಬಿಸಾಕುತ್ತಾರೆ, ಬಿಡಬೇಡಿ, ಎದುರಿಗೆ ನಿಂತು ಹಾಕಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಕೊಟ್ಟ. ಮೇಸ್ತ್ರಿ ತಲೆಯಾಡಿಸಿ, ಆಗಲಪ್ಪ ಎಂದು ಹೇಳಿ ತೆಗೆದುಕೊಂಡ.

ಹಾಕುವ ಮೊದಲು ಪರೀಕ್ಷಿಸಬೇಕು. ಶೆಡ್ಡಿನ ಸ್ಟೌ ಹಚ್ಚಿ, ಚಹಾದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟ. ಮೇಲೆ ಎಂಬತ್ತೆರಡು ಡಿಗ್ರಿ ಎಂದು ಅಚ್ಚೊತ್ತಿತ್ತು. ನೀರು ಕುದಿಯುವುದಕ್ಕೆ ಇನ್ನೂ ಸ್ವಲ್ಪ ಇದೆ ಎನ್ನುವಾಗ ಹಿತ್ತಾಳೆಯ ತಟ್ಟೆ ಮೆಲ್ಲಗೆ ಮೇಲೆದ್ದು, ಕೆಳಗಿನ ಇನ್ನೊಂದು ತಟ್ಟೆ ಅದೇ ಅಳತೆಗೆ ಕೆಳಗಿಳಿಯಿತು. ಒಂದು ತೆರೆಯುವುದು, ಒಂದು ಮುಚ್ಚುವುದು. ಅವನು ಇದನ್ನು ಈ ವಯಸ್ಸಿನಲ್ಲಿ ಮೊದಲ ಸಲ ನೋಡುತ್ತಿದ್ದ. ತಲೆಯೆತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಏನದು?" ಎಂದಳು.

"ಏನಿಲ್ಲ. ಹಳೇ ಸಾಮಾನು" ಎಂದ.

ಅವಳು ಪಾತ್ರೆಯನ್ನು ಇನ್ನೊಮ್ಮೆ ನೋಡಿದಳು. ಅವಳು ಒಳಗೆ ಹೋದ ಮೇಲೆ ಮೇಸ್ತ್ರಿ ವಾಲ್ವನ್ನು ಕಾರಿಗೆ ಕೂರಿಸಿ, ಜಾಲರಿಯನ್ನೂ ಮೊದಲಿನ ಜಾಗಕ್ಕೆ ಏರಿಸಿ ಬಿಗಿದ.

ಮಂಗಳವಾರ ಡಾಕ್ಟರು ಬೆಟ್ಟದ ತುದಿಯಿಂದಲೇ ಫೋನು ಮಾಡಿದರು. ಮುಳ್ಳು ಅಲುಗಲೇ ಇಲ್ಲವಂತೆ, ಜಾಲರಿಯೂ ಮೊದಲಿನ ಜಾಗದಲ್ಲೇ ಇದೆಯಲ್ಲ ಎಂದು ಆಶ್ಚರ್ಯಪಟ್ಟರು. ನಿಮ್ಮ ಕೈ ತಾಗಿದ್ದೇ ತಡ ನೋಡಿ, ಅನುಭವ ಎಂದರೆ ಅನುಭವ, ಅವನಿಗೆ ಇನ್ನೂ ಕಾಲ ಬೇಕು ಎಂದು ಹೊಗಳಿದರು. ಮೇಸ್ತ್ರಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಯಿತು. ಹೂಂ ಹೂಂ ಎಂದು ಹೇಳಿ ಇಟ್ಟ. ನಿಜ ಹೇಳಲು ಇದು ಹೊತ್ತಲ್ಲ, ಹೇಳಬೇಕಾದವನಿಗೆ ಹೇಳೋಣ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ಅಂದು ಊಟಕ್ಕೆ ಕೂತಾಗ, ಅವನು ಪೆಟ್ಟಿಗೆ ತೆಗೆದುಕೊಳ್ಳಲು ನಾಳೆ ಬರ್ತಾನೆ, ನಾಡಿದ್ದು ಕೆಲಸಕ್ಕೆ ಸೇರಬೇಕು ಎಂದು ಹೆಂಡತಿ ಹೇಳಿದಳು.

ಬುಧವಾರ ಬೆಳಿಗ್ಗೆ ಮೇಸ್ತ್ರಿ ಎರಡು ಸಲ ಗೋಡೆಯ ಮುಂದೆ ನಿಂತು ಮಾತು ಜೋಡಿಸಿದ. ಆ ಗಾಡಿಯಲ್ಲಿ ವಾಲ್ವು ಇರಲಿಲ್ಲ ಕಣೋ, ಕಿತ್ತವನು ನಾನೇ. ಅಷ್ಟು ಸಾಕು. ಅಷ್ಟು ಹೇಳಿದರೆ ಅವನು ಪೆಟ್ಟಿಗೆ ಕೆಳಗಿಡುತ್ತಾನೆ, ಅಕ್ಕನ ಕೈಯ ಊಟ ಮಾಡುತ್ತಾನೆ, ನಾಳೆ ಪೇಂಟರು ಬರುತ್ತಾನೆ. ಹೇಳುವುದೇ ಸರಿ ಎಂದು ಮೇಸ್ತ್ರಿ ನಿಜವಾಗಿಯೂ ತೀರ್ಮಾನಿಸಿದ್ದ. ಇದನ್ನು ಅವನ ಪರವಾಗಿ ಹೇಳಲೇಬೇಕು.

ಹತ್ತೂವರೆಗೆ ಸಣ್ಣ ಮೇಸ್ತ್ರಿ ಬಂದ. ಗಡ್ಡ ಬೋಳಿಸಿಕೊಂಡಿದ್ದ. ಗ್ರೀಸಿಲ್ಲದ ಅಂಗಿಯಲ್ಲಿ ಯಾರೋ ಗಿರಾಕಿಯಂತೆ ಕಂಡ. ಚೆನ್ನಾಗಿದ್ದೀರಾ ಭಾವ ಎಂದು ಕೇಳಿ, ಬಗ್ಗಿ ಪೆಟ್ಟಿಗೆಯ ಸ್ಪ್ಯಾನರುಗಳನ್ನು ಒಂದೊಂದಾಗಿ ನೋಡಿ, ಶೆಡ್ಡಿಗೆ ಸೇರಿದ ಎರಡನ್ನು ತೆಗೆದು ಬೆಂಚಿನ ಮೇಲಿಟ್ಟ. ಒಳಬಾಗಿಲಿನಲ್ಲಿ ಹೆಂಡತಿ ಸೆರಗಿನ ತುದಿ ಹಿಡಿದು ನಿಂತಿದ್ದಳು.

"ಡಾಕ್ಟರ ಗಾಡಿ ಸರಿಹೋಯ್ತಂತೆ" ಎಂದ ಸಣ್ಣ ಮೇಸ್ತ್ರಿ, ತಲೆಯೆತ್ತದೆ.

"ಹೋಯ್ತು."

"ಏನಾಗಿತ್ತು ಭಾವ?"

ಕೇಳಿದ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಯಾರೋ ಬಾಗಿಲನ್ನು ತೆರೆದು ಹಿಡಿದು ಒಳಗೆ ಬನ್ನಿ ಎನ್ನುವಂತಿತ್ತು. ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಡಬ್ಬ, ನೆಲದ ಮೇಲೆ ಕೂತು ಎಣಿಸುತ್ತಿದ್ದ ಇಪ್ಪತ್ತೇಳರ ಹುಡುಗ, ನಕ್ಕ ಗಿರಾಕಿಗಳು, ಈಗ ನಗಬೇಕಾದವರು ಯಾರು ಎಂಬುದು, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂತು.

"ಏನಿಲ್ಲ. ಗಾಳಿ ಸೇರಿಕೊಂಡಿತ್ತು" ಎಂದ. "ನೀನು ಸರಿಯಾಗಿ ತೆಗೆದಿರಲಿಲ್ಲ."

ಸಣ್ಣ ಮೇಸ್ತ್ರಿ ಗೋಡೆಯ ಕಡೆ ನೋಡಿದ. ಎರಡನೇ ಸಾಲು, ಅದರ ಪಕ್ಕದ ಮೂರು ಸಲ ತೆಗೆದಾಯಿತು, ಎಲ್ಲವೂ ಅಲ್ಲೇ ಇತ್ತು. ಮೇಸ್ತ್ರಿಗೆ ಅದನ್ನು ಒರೆಸುವ ಬುದ್ಧಿಯೂ ಬಂದಿರಲಿಲ್ಲ.

"ಹೌದಾ" ಎಂದ ಸಣ್ಣ ಮೇಸ್ತ್ರಿ. ಬ್ರೆಶ್ಶಿನಿಂದ ಪೆಟ್ಟಿಗೆಯ ಧೂಳು ಕೊಡವಿದ. "ಇರ್ಬಹುದು ಭಾವ. ನಂದೇ ತಪ್ಪು."

ಪೆಟ್ಟಿಗೆ ಮುಚ್ಚಿ ಹೆಗಲಿಗೇರಿಸಿದ. ಅಕ್ಕನ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದ. ಅವಳು ಊಟ ಮಾಡಿಕೊಂಡು ಹೋಗು ಎಂದದ್ದು, ಅವನು ಇನ್ನೊಮ್ಮೆ ಬರುತ್ತೇನೆ ಎಂದದ್ದು ಮೇಸ್ತ್ರಿಗೆ ಕೇಳಿಸಿತು. ಅವನು ಬೋರ್ಡಿನ ಕೆಳಗೆ ಹಾದು, ಮೇಲೆ ನೋಡದೆ, ರಸ್ತೆ ದಾಟಿ ಹೋದ. ಪೆಟ್ಟಿಗೆಯ ಭಾರಕ್ಕೆ ಒಂದು ಹೆಗಲು ಇಳಿದಿತ್ತು.

ಮೇಸ್ತ್ರಿ ಬೆಂಚಿನ ಮೇಲಿದ್ದ ಎರಡು ಸ್ಪ್ಯಾನರುಗಳನ್ನು ಅವುಗಳ ಮೊಳೆಗೆ ನೇತುಹಾಕಿದ. ಹೆಂಡತಿ ಒಳಗೆ ಹೋದವಳು ಹಿಂದಿರುಗಿ ಬಂದು, ಪೇಪರಿನಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣವನ್ನು ಅವನ ಮುಂದಿಟ್ಟಳು. ಪೊಟ್ಟಣಕ್ಕೆ ಚಹಾಪುಡಿ ಅಂಟಿತ್ತು.

"ಅವನದು. ತಗೊಂಡು ಹೋಗು ಅಂದೆ, ಡಿಪೋದಲ್ಲಿ ಇದು ಬೇಕಾಗಲ್ಲ ಅಂದ."

ಮೇಸ್ತ್ರಿ ಪೇಪರು ಬಿಡಿಸಿದ. ಒಳಗೆ ಒಂದು ವಾಲ್ವು, ಅದರ ರಬ್ಬರ್ ರಿಂಗು, ಅಂಗಡಿಯ ಶೀಟಿನಿಂದ ಅಚ್ಚುಕಟ್ಟಾಗಿ ಕತ್ತರಿಸಿದ ಗ್ಯಾಸ್ಕೆಟ್ಟು. ಎಂಬತ್ತೆರಡು ಡಿಗ್ರಿ. ಡಾಕ್ಟರ ಕಾರಿನದೇ ಅಳತೆ. ಯಾವಾಗ ತಂದದ್ದು ಎಂದು ಕೇಳಿದ.

"ಹೋದ ಬುಧವಾರ ಬೆಳಿಗ್ಗೆ" ಎಂದಳು ಅವಳು. "ಭಾವ ಊಟ ಮಾಡಿ ಮಲಗಿದಾಗ ಹಾಕಿಬಿಡ್ತೀನಿ ಅಕ್ಕ, ಅವರಿಗೆ ಗೊತ್ತಾಗೋದು ಬೇಡ, ಅಲ್ಲಿವರೆಗೆ ಚಹಾಪುಡಿ ಡಬ್ಬೀಲಿಡು ಅಂದ. ನೀವು ಆವತ್ತು ಮಲಗ್ಲಿಲ್ಲ. ಡಾಕ್ಟ್ರು ಬಂದ್ರು ಅಂತ ಕಾರು ಹತ್ತಿಸ್ಕೊಂಡು ಬೆಟ್ಟಕ್ಕೆ ಹೊರಟ್ರಿ."

"ನಿಂಗೆ ಗೊತ್ತಿತ್ತು. ಒಂದು ಮಾತು ಹೇಳ್ಬಾರ್ದಿತ್ತಾ?"

"ಅವನು ಆಣೆ ಹಾಕಿಸಿಕೊಂಡಿದ್ದ." ಅವಳು ಚಹಾಪುಡಿಯನ್ನು ಬೆಂಚಿನ ಮೇಲಿಂದ ಅಂಗೈಗೆ ಒರೆಸಿಕೊಂಡಳು. "ನಿಮಗೂ ಗೊತ್ತಿತ್ತಲ್ಲ. ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ಬಾಗಿಲಲ್ಲೇ ನಿಂತಿದ್ದೆ."

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವತ್ತಿನಂತೆಯೇ ಕೇಳಿಸಿತು. ಮೂರು ತಟ್ಟೆ ತೆಗೆದಳು, ಆಮೇಲೆ ಒಂದನ್ನು ವಾಪಸು ಇಟ್ಟಳು.

ಮೇಸ್ತ್ರಿ ವಾಲ್ವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಆಮೇಲೆ ಮಾಡಲು ಬೇರೇನೂ ತೋಚದೆ ಸ್ಟೌ ಹಚ್ಚಿ, ಚಹಾದ ಪಾತ್ರೆಗೆ ನೀರು ತುಂಬಿ, ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟ. ಎದುರಿನ ಗೋಡೆಯಲ್ಲಿ ಏಳು ಎಂದು ಬರೆದು ಚುಕ್ಕೆ ಇಟ್ಟ ಜಾಗ ಕಾಣುತ್ತಿತ್ತು. ನೀರು ಕಾದಿತು. ಸರಿಯಾದ ಹೊತ್ತಿಗೆ ಹಿತ್ತಾಳೆಯ ತಟ್ಟೆ ಮೇಲೆದ್ದಿತು, ಎಷ್ಟು ಬೇಕೋ ಅಷ್ಟು. ಒಳ್ಳೆಯ ಮಾಲು. ತಾನು ತಂದದ್ದಕ್ಕಿಂತ ಒಳ್ಳೆಯದು. ಅವನು ಸ್ಟೌ ಆರಿಸಿ, ದಾರವನ್ನು ಹಿಡಿದುಕೊಂಡೇ ಕೂತ. ನೀರು ಆರುತ್ತ ಬಂದಂತೆ ಅದು ತುಸುತುಸುವೇ ಇಳಿದು ಮುಚ್ಚಿಕೊಂಡಿತು.